ಮಕ್ಕಳ ನಾಟಕದಲ್ಲಿ ಕಮೆಹಮೆಹಾ ತೋರಿಸುವುದು ಹೇಗೆ?

ಡೊಂಬಿವಲಿ_ರಂಗ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಡೊಂಬಿವಲಿ ಪೂರ್ವದಲ್ಲಿ. ನಮ್ಮ ಸೊಸೈಟಿ ಮತ್ತು ಪಕ್ಕದ ಬಿಲ್ಡಿಂಗ್‌ಗಳ ಕನ್ನಡದ ಮನೆಯವರು ಸೇರಿ ಪ್ರತಿ ವರ್ಷ ರಾಜ್ಯೋತ್ಸವ ಮಾಡುತ್ತೇವೆ. ಕೆಳಗಿನ ಪಾರ್ಕಿಂಗ್‌ನಲ್ಲಿ ಸ್ಟೇಜ್, ಬಾಡಿಗೆ ಕುರ್ಚಿ, ಮೈಕು, ಕೊನೆಗೆ ಊಟ. ಮಕ್ಕಳ ನಾಟಕದ ಹೊಣೆ ನನ್ನದು.

ಪ್ರತಿ ಸಲ ಒನಕೆ ಓಬವ್ವ ಅಥವಾ ಪುಣ್ಯಕೋಟಿ ಆಡಿಸುತ್ತೇವೆ. ಈ ಸಲ ಮಕ್ಕಳೇ ಬಂದು ಜಪಾನಿನ ಡ್ರ್ಯಾಗನ್ ಬಾಲ್ ಕಾರ್ಟೂನಿನ ನಾಯಕ ಗೋಕು ಕಥೆ ಮಾಡೋಣ, ಕನ್ನಡದಲ್ಲೇ ಮಾಡೋಣ ಅಂದರು. ನಾನು ತಕ್ಷಣ ಒಪ್ಪಿಕೊಂಡೆ. ಈ ಮಕ್ಕಳು ಕೆಳಗೆ ಆಡುವಾಗ ಮರಾಠಿ, ಶಾಲೆಯಲ್ಲಿ ಹಿಂದಿ, ಇಂಗ್ಲಿಷ್ ಮಾತಾಡುತ್ತಾರೆ. ಕನ್ನಡ ಅಜ್ಜಿಯ ಜೊತೆ ಮಾತ್ರ. ತಾವಾಗಿಯೇ ಕನ್ನಡ ಡೈಲಾಗ್ ಬೇಕು ಎಂದು ಕೇಳಿದ್ದು ಇದೇ ಮೊದಲು. ನನಗೂ ಆ ಕಥೆ ಬಹಳ ಇಷ್ಟ. ಶಾಲೆ ಬಿಟ್ಟ ಮೇಲೆ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಡ್ರ್ಯಾಗನ್ ಬಾಲ್ ಝಡ್ ನೋಡಿ ಬೆಳೆದವನು ನಾನು. 2024ರ ಮಾರ್ಚ್‌ನಲ್ಲಿ ಆ ಕಥೆ ಬರೆದ ಅಕಿರಾ ತೊರಿಯಾಮ ತೀರಿಕೊಂಡ ಸುದ್ದಿ ಓದಿದಾಗ ಮನೆಯವರೇ ಯಾರೋ ಹೋದಂತೆ ಆಗಿತ್ತು.

ಈಗ ತೊಂದರೆ ಏನೆಂದರೆ, ಕಮೆಹಮೆಹಾ, ಅಂದರೆ ಗೋಕು ಅಂಗೈಗಳಿಂದ ಬಿಡುವ ಬೆಳಕಿನ ಹೊಡೆತ. ಪ್ರಾಕ್ಟೀಸ್‌ನಲ್ಲಿ ಮಕ್ಕಳು ಜೋರಾಗಿ ಕಿರುಚಿ ಕೈ ಮುಂದೆ ತಳ್ಳುತ್ತಾರೆ. ಎದುರಿಗಿರುವ ಹುಡುಗ ಬಿದ್ದುಬಿಡುತ್ತಾನೆ. ಮುಗಿಯಿತು! ನೋಡಿದರೆ ಯಾರೋ ಯಾರನ್ನೋ ಸುಮ್ನೆ ದೂಡಿದ ಹಾಗೆ ಕಾಣುತ್ತದೆ. ಟಿವಿಯಲ್ಲಿ ನೋಡುವಾಗ ಮೈ ಜುಂ ಅನ್ನುತ್ತಿತ್ತಲ್ಲ, ಅದು ಎಲ್ಲಿ ಹೋಯಿತು? ನಮ್ಮ ಹತ್ತಿರ ಇರುವುದು ಎರಡು ಫೋಕಸ್ ಲೈಟ್, ಒಂದು ಸ್ಪೀಕರ್. ಮುಂದಿನ ಸಾಲಿನಲ್ಲಿ ವಯಸ್ಸಾದವರು ಕೂರುತ್ತಾರೆ, ಅದಕ್ಕೆ ಹೊಗೆ ಮಷಿನ್ ಬೇಡ. ರಾತ್ರಿ 10ಕ್ಕೆ ಮೈಕು ಬಂದ್.

ಯಾವ ದೃಶ್ಯ ತೆಗೆದುಕೊಳ್ಳಲಿ? ಆ ಹೊಡೆತ ಹೊಡೆತದಂತೆ ಕಾಣಲು ಏನು ಮಾಡಲಿ? ಇನ್ನೊಂದು ವಿಷಯ. ಗೋಕು ಪಾತ್ರಕ್ಕೆ ಆರನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಆರಿಸಿದ್ದೇನೆ. ಅವಳಷ್ಟು ಚೆನ್ನಾಗಿ ಬೇರೆ ಯಾರೂ ನಿಲ್ಲುವುದಿಲ್ಲ. ಒಂದಿಬ್ಬರು ಹಿರಿಯರು "ಹುಡುಗನ ಪಾತ್ರ ಹುಡುಗಿಗೆ ಯಾಕೆ" ಅಂತ ಕೇಳುತ್ತಿದ್ದಾರೆ. ಅವರಿಗೆ ಏನು ಹೇಳಲಿ?

—

ಕೋಥ್ರೂಡ್_ಗೆರೆ:

ಅಣ್ಣ, ನಾನು ಪುಣೆಯಲ್ಲಿ ಅನಿಮೇಶನ್ ಕೆಲಸ ಮಾಡುತ್ತೇನೆ. ಈ ಹೊಡೆತವನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಮಕ್ಕಳು ಬೆಳಕಿನ ಕಡೆ ಗಮನ ಕೊಡುತ್ತಿದ್ದಾರೆ. ಗಮನ ಕೊಡಬೇಕಾದದ್ದು ಅದಕ್ಕೂ ಮುಂಚಿನ ಹೊತ್ತಿಗೆ. ಕಮೆಹಮೆಹಾ ಅಂದರೆ ಮೈಯಲ್ಲಿ ಹರಡಿರುವ ಶಕ್ತಿಯನ್ನು, ಅವರು 'ಕಿ' ಅನ್ನುವುದನ್ನು, ಎರಡು ಅಂಗೈ ನಡುವೆ ತಂದು ಒಟ್ಟು ಮಾಡಿ ಬಿಡುವುದು. ಇದು ಬರೀ ವರ್ಣನೆ ಅಲ್ಲ. ಕಥೆಯೇ ಅದಕ್ಕೆ ಲೆಕ್ಕ ಕೊಟ್ಟಿದೆ. ರ‍್ಯಾಡಿಟ್ಸ್ ಎಂಬ ಶತ್ರು ಬಂದಾಗ ಅವನ ಕಣ್ಣಿಗೆ ಹಾಕಿಕೊಂಡ ಸ್ಕೌಟರ್ ಗೋಕುವಿನ ಬಲ 416 ಅಂತ ತೋರಿಸುತ್ತದೆ. ಅವನೇ ಕಮೆಹಮೆಹಾಕ್ಕೆ ಕೈ ಕೂಡಿಸಿದಾಗ ಅದು 924ಕ್ಕೆ ಏರುತ್ತದೆ. ಅದೇ ಮನುಷ್ಯ, ಅದೇ ಮೈ. ಒಂದೇ ಕಡೆ ಸೇರಿಸಿದ್ದಕ್ಕೆ ಎರಡು ಪಟ್ಟಿಗಿಂತ ಜಾಸ್ತಿ. ಬಾಹ್ಯಾಕಾಶದಿಂದ ಬಂದ ರ‍್ಯಾಡಿಟ್ಸ್‌ಗೆ ಭೂಮಿಯವರ ಈ ವಿದ್ಯೆ ಗೊತ್ತಿಲ್ಲ. ಅವನು ಬೆಚ್ಚಿಬೀಳುವುದು ಆ ಏರಿಕೆಯನ್ನು ಓದಿಯೇ, ಬೆಳಕು ಇನ್ನೂ ಹೊರಟಿರುವುದಿಲ್ಲ.

ಆದ್ದರಿಂದ ನಿಮ್ಮ ಹುಡುಗಿ ತೋರಿಸಬೇಕಾದದ್ದು ಈ ಸೇರಿಸುವ ಕೆಲಸ. ಮೊದಲು ಕಾಲು ಅಗಲ, ಮಂಡಿ ಸ್ವಲ್ಪ ಬಗ್ಗಿರಲಿ. ಎರಡೂ ಕೈ ಮುಂದೆ, ಮಣಿಕಟ್ಟಿಗೆ ಮಣಿಕಟ್ಟು ತಾಗಿರಲಿ, ಬೆರಳು ಬಿಚ್ಚಿರಲಿ. ಆಮೇಲೆ ಕೈ ಸೊಂಟದ ಪಕ್ಕಕ್ಕೆ ಬರಬೇಕು, ಅದರ ಜೊತೆ ಸೊಂಟವೂ ತಿರುಗಬೇಕು. ಬರೀ ಕೈ ಹಿಂದೆ ಹೋದರೆ ಸುಳ್ಳು ಅನ್ನಿಸುತ್ತದೆ. ಬೆನ್ನು ತಿರುಗಿದರೆ ನಿಜ ಅನ್ನಿಸುತ್ತದೆ. ಯಾವ ಹೊಡೆತವೂ ಮುಂದೆ ಹೋಗುವ ಮೊದಲು ಹಿಂದಕ್ಕೆ ಹೋಗಬೇಕು, ಅನಿಮೇಶನ್‌ನಲ್ಲಿ ನಾವು ಮೊದಲು ಕಲಿಯುವುದೇ ಅದನ್ನು. ಅಲ್ಲಿ ಅವಳು ನಿಲ್ಲಲಿ. ಅಲುಗಾಡದೆ ನಿಲ್ಲಲಿ. ಟಿವಿಯಲ್ಲೂ ಹಾಗೇ ಮಾಡಿದ್ದಾರೆ. ವಾರ ವಾರ ಬರುವ ಸರಣಿ, ಬರೆಯುವ ಕೈಗಳಿಗೆ ಸಮಯ ಕಡಿಮೆ. ಒಂದೇ ಚಿತ್ರವನ್ನು ಬಹಳ ಹೊತ್ತು ಹಿಡಿದು ಬೆಳಕು, ಗಾಳಿ, ಮೇಲೇಳುವ ಕಲ್ಲುಚೂರು ಇಷ್ಟನ್ನೇ ಆಡಿಸುತ್ತಿದ್ದರು. ಮಂಗಾ, ಅಂದರೆ ಮೂಲ ಚಿತ್ರಕಥೆ ಪುಸ್ತಕ, ಇನ್ನೂ ಮುಂದೆ ಹೋಗಿರಲಿಲ್ಲ, ಅನಿಮೆ, ಅಂದರೆ ಟಿವಿ ಸರಣಿ, ಅದರ ಬೆನ್ನಿಗೇ ಬರುತ್ತಿತ್ತು. ಹಾಗಾಗಿ ನಿಲ್ಲಿಸಿ ನಿಲ್ಲಿಸಿ ಎಳೆಯುವುದು ಅವರಿಗೆ ಬೇಕೂ ಇತ್ತು. ಅದರಿಂದಲೇ ನಮ್ಮ ಎದೆ ಹೊಡೆದುಕೊಂಡಿದ್ದು.

ಬೆಳಕಿಗೆ ಒಂದು ಚಿಕ್ಕ ಎಲ್‌ಇಡಿ ಟಾರ್ಚ್ ಸಾಕು. ನೀಲಿ ಜಿಲೆಟಿನ್ ಕಾಗದ ಸುತ್ತಿ ಅಂಗೈಯಲ್ಲಿ ಮುಚ್ಚಿಕೊಳ್ಳಲಿ. ಕೈ ಸೊಂಟಕ್ಕೆ ಬಂದಾಗ ಅದು ಹೊತ್ತಲಿ, ಅವಳ ಮುಖದ ಮೇಲೆ ಕೆಳಗಿನಿಂದ ಬೆಳಕು ಬೀಳಲಿ. ಆಗ ಎರಡೂ ಫೋಕಸ್ ಲೈಟ್ ಮಂಕು ಮಾಡಿ. ಬಿಡುವ ಹೊತ್ತಿಗೆ ಕಪ್ಪು ಬಟ್ಟೆ ಹಾಕಿದ ಇಬ್ಬರು ಮಕ್ಕಳು ಒಂದು ಉದ್ದನೆಯ ತಿಳಿನೀಲಿ ಸೀರೆ ಹಿಡಿದು ಅವಳ ಕೈಯಿಂದ ಎದುರಾಳಿಯ ತನಕ ಓಡಲಿ. ಹಳೆಯ ಜಾರ್ಜೆಟ್ ಸೀರೆ ಆದರೆ ಒಳ್ಳೆಯದು. ಹಗುರ ಇರುತ್ತದೆ, ಗಾಳಿಗೆ ಏಳುತ್ತದೆ.

ದೃಶ್ಯ? ಬೆಂಕಿ ಬೆಟ್ಟದ್ದೇ ತೆಗೆದುಕೊಳ್ಳಿ. ಮೊದಲ ಕಮೆಹಮೆಹಾ ಅಲ್ಲೇ ಬರುವುದು, 1985ರಲ್ಲಿ. ಹೊಡೆಯುವುದು ಗೋಕು ಅಲ್ಲ, ಮುದುಕ ಮಾಸ್ಟರ್ ರೋಶಿ. ಆಕ್ಸ್ ಕಿಂಗ್‌ನ ಕೋಟೆಗೆ ಬೆಂಕಿ ಹತ್ತಿದೆ. ಅದನ್ನು ಆರಿಸುವ ಮಾಯದ ಬೀಸಣಿಗೆ ಕಳೆದುಹೋಗಿದೆ. ಆ ಬೀಸಣಿಗೆ, ಬೆಂಕಿ ಬೆಟ್ಟ ಎರಡೂ ಚೀನಾದ ಹಳೆಯ ಕೋತಿರಾಜನ ಕಥೆಯಿಂದ ಬಂದವು. ಗೋಕು ಅನ್ನುವ ಹೆಸರೂ ಅಲ್ಲಿಂದಲೇ. ಒಣಕಲು ಮುದುಕ ಅಂಗಿ ತೆಗೆದು ಉಸಿರು ಎಳೆದರೆ ಮೈ ಉಬ್ಬಿ ಪೈಲ್ವಾನ್ ಆಗುತ್ತಾನೆ. ಹೊಡೆಯುತ್ತಾನೆ. ಬೆಂಕಿ ಆರುತ್ತದೆ, ಕೋಟೆಯೂ ಇಲ್ಲ, ಬೆಟ್ಟವೂ ಇಲ್ಲ. ನನಗೂ ಕಲಿಸಿ ಅನ್ನುತ್ತಾನೆ ಪುಟ್ಟ ಗೋಕು. ಇದಕ್ಕೆ 50 ವರ್ಷ ಸಾಧನೆ ಬೇಕು ಅನ್ನುತ್ತಾನೆ ಮುದುಕ. ಗೋಕು ಅಲ್ಲೇ ನಿಂತು ಮಾಡಿಬಿಡುತ್ತಾನೆ, ಪಕ್ಕದಲ್ಲಿದ್ದ ಕಾರು ಪುಡಿಯಾಗುತ್ತದೆ. ಹೊಡೆದಾಟ ಇಲ್ಲ, ಕೊಲೆ ಇಲ್ಲ, ನಗು ಇದೆ. ಮುಂದಿನ ಸಾಲಿನ ಅಜ್ಜಿಯರಿಗೂ ಅರ್ಥವಾಗುತ್ತದೆ.

—

ಮಾಟುಂಗಾ_ಸಯಾನ್:

ಬೆಂಕಿ ಬೆಟ್ಟ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಗೋಕುವಿನ ಮಗ ಗೋಹಾನ್ ಮತ್ತು ಶತ್ರು ಸೆಲ್ ದೃಶ್ಯ ಬಿಟ್ಟು ಕಮೆಹಮೆಹಾ ಮಾಡುತ್ತೀರಾ? ನನ್ನ ಮನಸ್ಸು ಒಪ್ಪುವುದಿಲ್ಲ.

ಒಂದು ವಿಷಯ ಗಮನಿಸಿ. ಎಲ್ಲರೂ ಇದನ್ನು ಗೋಕುವಿನ ಬ್ರಹ್ಮಾಸ್ತ್ರ ಅಂದುಕೊಳ್ಳುತ್ತಾರೆ. ಕಥೆಯ ಉದ್ದಕ್ಕೂ ನೋಡಿದರೆ ಇದರಿಂದ ದೊಡ್ಡ ಶತ್ರು ಸಾಯುವುದೇ ಅಪರೂಪ. ಪಿಕೊಲೊ ರಾಜ ಸತ್ತಿದ್ದು ಗೋಕುವಿನ ಮುಷ್ಟಿಯಿಂದ. ರ‍್ಯಾಡಿಟ್ಸ್ ಸತ್ತಿದ್ದು ಆ ರಾಜನ ಮಗ ಪಿಕೊಲೊ ಬಿಟ್ಟ ಹೊಡೆತದಿಂದ. ವೆಜೀಟಾ ಮೇಲೆ, ಬಲ ಹೆಚ್ಚಿಸುವ ಕೈಯೋಕೆನ್ ವಿದ್ಯೆಯನ್ನು ನಾಲ್ಕು ಪಟ್ಟು ಹಾಕಿ ಬಿಟ್ಟ ಕಮೆಹಮೆಹಾ ಅವನ ಗ್ಯಾಲಿಕ್ ಗನ್ ಎಂಬ ಬೆಳಕಿನ ಹೊಡೆತವನ್ನು ತಳ್ಳಿಕೊಂಡು ಅವನನ್ನೇ ಆಕಾಶಕ್ಕೆ ಒಯ್ದಿತು, ಅವನು ವಾಪಸ್ ಬಂದ. ಭೂಮಿಗೆ ಬಂದ ಫ್ರೀಝಾನನ್ನು ಮುಗಿಸಿದ್ದು ಟ್ರಂಕ್ಸ್. ಬೂ ಹೋಗಿದ್ದು ಎಲ್ಲರ ಶಕ್ತಿ ಸೇರಿಸಿದ ಗೆಂಕಿದಾಮದಿಂದ. ಗೋಕು ಮಾಯವಾಗಿ ಸೆಲ್‌ನ ಮುಂದೆಯೇ ಪ್ರತ್ಯಕ್ಷವಾಗಿ ಅವನ ಅರ್ಧ ಮೈ ಹಾರಿಸಿದ, ಅದೂ ಮತ್ತೆ ಬೆಳೆಯಿತು.

ಕೊನೆಗೆ ಮುಗಿಸಿದ್ದು ಯಾರು? ಮಗ. ಅದೂ ಒಂದೇ ಕೈಯಲ್ಲಿ. ವೆಜೀಟಾನನ್ನು ಕಾಪಾಡಲು ಹೋಗಿ ಗೋಹಾನ್‌ನ ಎಡಗೈ ಕೆಲಸಕ್ಕೆ ಬಾರದಾಗಿದೆ. ಅಪ್ಪ ಸತ್ತಿದ್ದಾನೆ, ಪರಲೋಕದಿಂದ ಮಾತಾಡಿ ಧೈರ್ಯ ತುಂಬುತ್ತಿದ್ದಾನೆ. ಅನಿಮೆಯಲ್ಲಿ ಅವನು ಮಗನ ಹಿಂದೆಯೇ ಅದೇ ಭಂಗಿಯಲ್ಲಿ ನಿಲ್ಲುತ್ತಾನೆ. ಎದುರಿಗೆ ಸೆಲ್ ಹೊಡೆಯುತ್ತಿರುವುದೂ ಕಮೆಹಮೆಹಾವನ್ನೇ, ಏಕೆಂದರೆ ಅವನ ಮೈಯಲ್ಲಿ ಗೋಕುವಿನ ಜೀವಕೋಶ ಇದೆ. ಕದ್ದುಕೊಂಡ ವಿದ್ಯೆ ಒಂದು ಕಡೆ, ಅಪ್ಪ ಕೊಟ್ಟದ್ದು ಇನ್ನೊಂದು ಕಡೆ. ನಾನು ಮಾಟುಂಗಾದ ನಮ್ಮ ಹಳೆಯ ಮನೆಯಲ್ಲಿ ಅಪ್ಪನ ಪಕ್ಕದಲ್ಲಿ ಕೂತು ನೋಡಿದ ದೃಶ್ಯ ಇದು. ಅಪ್ಪನಿಗೆ ಕಾರ್ಟೂನ್ ಅಂದರೆ ಆಗುತ್ತಿರಲಿಲ್ಲ. ಅವತ್ತು ಪೇಪರ್ ಮಡಚಿ ಇಟ್ಟು ಕೊನೆಯ ತನಕ ನೋಡಿದರು.

ಇದನ್ನು ಮಾಡಿಸಿ ಅಣ್ಣ.

—

ಕೋಥ್ರೂಡ್_ಗೆರೆ:

ದೃಶ್ಯದ ಬಗ್ಗೆ ನೀವು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಲ್ಲ. ಆದರೆ ಅಷ್ಟು ಹಿಂದಿನ ಕಥೆ ಗೊತ್ತಿಲ್ಲದವರಿಗೆ ಸ್ಟೇಜ್ ಮೇಲೆ ಅದು ಹೇಗೆ ತಲುಪುತ್ತದೆ? ಸೆಲ್ ಯಾರು, ಅಪ್ಪ ಯಾಕೆ ಸತ್ತ, ಕೈಗೆ ಏನಾಯಿತು, ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಊಟದ ಹೊತ್ತು ಆಗುತ್ತದೆ. ಮಕ್ಕಳ ಕೈಯಲ್ಲಿ ಸಾವಿನ ದೃಶ್ಯ ಬೇರೆ.

—

ವಾಸ್ಕೋ_ಕರಾಟೆ_ಟೀಚರ್:

ನಮಸ್ಕಾರ. ನಾನು ಧಾರವಾಡದ ಕಡೆಯವಳು, ಈಗ ಗೋವಾದ ವಾಸ್ಕೋದಲ್ಲಿ ಮಕ್ಕಳಿಗೆ ಕರಾಟೆ ಹೇಳಿಕೊಡುತ್ತೇನೆ. ನನ್ನ ಕ್ಲಾಸಿಗೆ ಬರುವ ಅರ್ಧ ಮಕ್ಕಳು ಮೊದಲ ದಿನವೇ ಕಮೆಹಮೆಹಾ ಯಾವಾಗ ಕಲಿಸುತ್ತೀರಿ ಅಂತ ಕೇಳುತ್ತಾರೆ. ನಾನು ಬೈಯುವುದಿಲ್ಲ. ಆ ಭಂಗಿಯಿಂದಲೇ ನಿಲ್ಲುವುದನ್ನು ಕಲಿಸುತ್ತೇನೆ.

ಮೊದಲು ಗಂಟಲಿನ ವಿಷಯ. ದಿನಾ ಪ್ರಾಕ್ಟೀಸ್‌ನಲ್ಲಿ ಹೀಗೆ ಕಿರುಚಿದರೆ ಕಾರ್ಯಕ್ರಮದ ಹೊತ್ತಿಗೆ ಆ ಹುಡುಗಿಗೆ ಧ್ವನಿಯೇ ಇರುವುದಿಲ್ಲ. ಕೂಗು ಗಂಟಲಿನಿಂದ ಬರಬಾರದು, ಹೊಟ್ಟೆಯಿಂದ ಬರಬೇಕು. ಹೀಗೆ ಮಾಡಿಸಿ. ಮೂಗಿನಿಂದ ಉಸಿರು ಎಳೆದು ಹೊಟ್ಟೆ ತುಂಬಿಸಲಿ. "ಕ", "ಮೆ" ಮೆಲ್ಲಗೆ, ಪಕ್ಕದವರಿಗೆ ಕೇಳುವಷ್ಟು. ಕೈ ಸೊಂಟಕ್ಕೆ ಬರುವಾಗ "ಹ", "ಮೆ" ಸ್ವಲ್ಪ ಎಳೆದು. ಹೊಟ್ಟೆ ಗಟ್ಟಿಯಾಗಿರಲಿ. ಉಳಿದ ಉಸಿರೆಲ್ಲ ಕೊನೆಯ "ಹಾ"ಗೆ. ಆ ಅಕ್ಷರ ಬಾಯಿ ತೆರೆದು ಉಸಿರು ಬಿಡುವ ಅಕ್ಷರವೇ ಆಗಿರುವುದರಿಂದ ಸಲೀಸು. ಪ್ರಾಕ್ಟೀಸ್‌ನಲ್ಲಿ ಬರೀ ಉಸಿರಿನಿಂದ ಹೇಳಿದರೆ ಸಾಕು, ಪೂರ್ತಿ ಧ್ವನಿ ಕಾರ್ಯಕ್ರಮದ ದಿನ.

ಅಂಗೈ ಮುಂದೆ ಹೋಗುವಾಗ ಹಿಂದಿನ ಕಾಲಿನ ಹಿಮ್ಮಡಿ ನೆಲಕ್ಕೆ ಒತ್ತಿರಬೇಕು. ಹೊಡೆದ ಮೇಲೆ ಅವಳು ಸ್ವಲ್ಪ ಹಿಂದಕ್ಕೆ ಜರುಗಿದರೆ ಇನ್ನೂ ಚೆಂದ. ಅಷ್ಟು ದೊಡ್ಡ ಬಲ ಬಿಟ್ಟವರನ್ನು ಅದು ಹಿಂದೆ ನೂಕುತ್ತದೆ ಅಲ್ವಾ?

ಈಗ ಹುಡುಗಿಯ ವಿಷಯ. ಆ ಹಿರಿಯರಿಗೆ ಮಸಾಕೊ ನೊಝಾವಾ ಅವರ ಹೆಸರು ಹೇಳಿ. 1936ರಲ್ಲಿ ಹುಟ್ಟಿದ ಹೆಣ್ಣುಮಗಳು. 1986ರಲ್ಲಿ ಟಿವಿ ಸರಣಿ ಶುರುವಾದಾಗಿನಿಂದ ಜಪಾನಿನಲ್ಲಿ ಗೋಕುವಿನ ಧ್ವನಿ ಅವರದೇ. ಪುಟ್ಟ ಗೋಕು, ದೊಡ್ಡವನಾದ ಗೋಕು, ಮಗ ಗೋಹಾನ್, ಚಿಕ್ಕ ಮಗ ಗೋತೆನ್, ನಾಲ್ಕೂ ಅವರೇ. ಮಾಟುಂಗಾದವರು ಹೇಳಿದ ಆ ತಂದೆ ಮಗನ ದೃಶ್ಯದಲ್ಲಿ, ಜಪಾನಿ ಮೂಲದಲ್ಲಿ, ಎರಡೂ ಕೂಗು ಒಬ್ಬ ಹೆಂಗಸಿನ ಹೊಟ್ಟೆಯಿಂದ ಬಂದವು. ಲೋಕಕ್ಕೆಲ್ಲ ಗೊತ್ತಿರುವ ಕಮೆಹಮೆಹಾದ ಮೂಲ ದನಿ ಹೆಣ್ಣಿನದು. ಇನ್ನೇನು ಹೇಳಬೇಕು? ಆ ಹುಡುಗಿಯನ್ನು ದಯವಿಟ್ಟು ಬದಲಾಯಿಸಬೇಡಿ.

—

ಡೊಂಬಿವಲಿ_ರಂಗ:

ಅಕ್ಕ, ಇದನ್ನು ಓದಿ ನನಗೆ ಎಷ್ಟು ಖುಷಿಯಾಯಿತು ಅಂದರೆ ಆ ಹುಡುಗಿಯ ಮನೆಗೆ ಹೋಗಿ ಓದಿ ಹೇಳಿದೆ. ಅವಳು ನೊಝಾವಾ ಅವರ ಫೋಟೋ ನೋಡಬೇಕು ಅಂದಳು, ಅವಳ ಅಮ್ಮನ ಫೋನಿನಲ್ಲಿ ಹುಡುಕಿ ತೋರಿಸಿದೆ. ಅಜ್ಜಿಯೂ ಬಂದು ನೋಡಿದರು. ಹಿರಿಯರಿಗೂ ಹೇಳಿದೆ, ಈಗ ಆ ಮಾತು ನಿಂತಿದೆ.

ಉಸಿರಿನ ಕ್ರಮ ನಿನ್ನೆ ಮಾಡಿಸಿದೆ. ಕೂಗು ಕಡಿಮೆಯಾಯಿತು, ಬಲ ಜಾಸ್ತಿಯಾಯಿತು. ಟಾರ್ಚ್ ಕೂಡ ಚೆನ್ನಾಗಿ ಬಂತು. ಸೀರೆ ಮಾತ್ರ ಓಡುವ ಮಕ್ಕಳ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ಸ್ಟೇಜ್ ಚಿಕ್ಕದು. ಬೇರೆ ದಾರಿ ಇದೆಯಾ?

—

ಮುಲುಂಡ್_ಚೆಂಡೆ:

ನಾನು ಉಡುಪಿ ಕಡೆಯವನು. ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಬಂದವನು, ಯಕ್ಷಗಾನಕ್ಕೆ ಚೆಂಡೆ ಬಾರಿಸುತ್ತ ಇಲ್ಲೇ ಉಳಿದೆ. ಈ ಗೋಕು ನನಗೆ ಗೊತ್ತಿರಲಿಲ್ಲ. ನಿಮ್ಮ ಮಾತುಗಳನ್ನು ಮೊಮ್ಮಗ ಓದಿ ಹೇಳಿದ. ಆಮೇಲೆ ಅವನೇ ವೆಜೀಟಾ ಜೊತೆಗಿನ ಕಾಳಗ ತೋರಿಸಿದ. ಎರಡು ಬೆಳಕು ನಡುವೆ ಡಿಕ್ಕಿ ಹೊಡೆದು ಒಂದನ್ನೊಂದು ನೂಕುತ್ತವಲ್ಲ, ಅದು. ಎರಡು ಸಲ ನೋಡಿದೆ.

ಸೀರೆ ಬೇಡ ಮಗಾ. ಏನೂ ಬೇಡ.

ನಮ್ಮ ರಂಗಸ್ಥಳದಲ್ಲಿ ಕರ್ಣ ಅರ್ಜುನ ಎದುರು ಬದುರು ನಿಂತು ಬಾಣ ಬಿಡುತ್ತಾರೆ. ಯಾವ ಬಾಣವೂ ಹಾರುವುದಿಲ್ಲ. ಬೆಳಗಿನ ಜಾವದ ತನಕ ಕೂತ ಜನ ಒಬ್ಬರೂ "ಬಾಣ ಎಲ್ಲಿ" ಅಂತ ಕೇಳಿದವರಿಲ್ಲ. ಯಾಕೆ? ಬಿಟ್ಟವನು ಬಿಟ್ಟ ಹಾಗೆ ನಿಲ್ಲುತ್ತಾನೆ, ಅದು ಒಂದು. ತಾಗಿಸಿಕೊಂಡವನು ತಾಗಿದ ಹಾಗೆ ಕುಣಿಯುತ್ತಾನೆ, ಅದು ದೊಡ್ಡದು. ನೀವೆಲ್ಲ ಹೊಡೆಯುವ ಹುಡುಗಿಯ ಬಗ್ಗೆ ಮಾತ್ರ ಬರೆದಿದ್ದೀರಿ. ಎದುರಿನ ಹುಡುಗ ಏನು ಮಾಡುತ್ತಾನೆ? ತಕ್ಷಣ ಬಿದ್ದುಬಿಡುತ್ತಾನೆ ಅಂದಿರಿ. ಅಲ್ಲೇ ಕೆಟ್ಟಿತು. ಅವನು ಬೀಳಬಾರದು. ತಡೆಯಬೇಕು. ಕೈ ಮುಂದೆ ಮಾಡಿ ತಡೆಯಬೇಕು, ಒಂದು ಹೆಜ್ಜೆ ಹಿಂದೆ ಹೋಗಬೇಕು, ಮತ್ತೆ ಅರ್ಧ ಹೆಜ್ಜೆ ಮುಂದೆ ಬರಬೇಕು, ಮಂಡಿ ನಡುಗಬೇಕು. ಆ ಹೊಡೆತದ ಭಾರ ಜನಕ್ಕೆ ಗೊತ್ತಾಗುವುದು ಅವನ ಮೈಯಿಂದ.

ಬೆಂಕಿ ಬೆಟ್ಟ ಮಾಡುವುದಾದರೆ ಎದುರಾಳಿ ಬೆಂಕಿಯೇ ಅಲ್ಲವೇ? ಹಾಗಾದರೆ ಮಕ್ಕಳನ್ನೇ ಬೆಂಕಿ ಮಾಡಿ. ಏಳೆಂಟು ಮಕ್ಕಳು ಕೆಂಪು ಬಟ್ಟೆ ಹಾಕಿ ಕುಣಿಯಲಿ. ಬೆಳಕು ತಾಗಿದಾಗ ಮುಂದಿನವರು ಮೊದಲು ಬಾಗಲಿ, ಹಿಂದಿನವರು ಆಮೇಲೆ. ಒಟ್ಟಿಗೆ ಅಲ್ಲ, ಒಬ್ಬರಾದ ಮೇಲೆ ಒಬ್ಬರು. ಆಗ ಬೆಳಕು ಹೋದ ದಾರಿ ತಾನಾಗಿ ಕಾಣುತ್ತದೆ.

ಇನ್ನು ಶಬ್ದ. ಕೈ ಸೊಂಟಕ್ಕೆ ಬರುವ ತನಕ ಚೆಂಡೆ ಏರುತ್ತ ಹೋಗಬೇಕು. ಕೊನೆಯ "ಹಾ" ಬರುವ ಮೊದಲು ನಿಲ್ಲಿಸಬೇಕು. ಪೂರ್ತಿ ನಿಲ್ಲಿಸಬೇಕು. ಜನ ಉಸಿರು ಹಿಡಿದುಕೊಳ್ಳುತ್ತಾರೆ. ಆಗ ಅವಳು ಕೂಗಲಿ, ಆ ಕೂಗಿನ ಮೇಲೆ ನನ್ನ ಪೆಟ್ಟು ಬೀಳುತ್ತದೆ. ಮುದುಕನ ಪಾತ್ರಕ್ಕೆ ಬೇರೆ ನಡೆ, ಚಿಕ್ಕವನಿಗೆ ಬೇರೆ ನಡೆ. ಗೋಕು ನಮ್ಮ ಲೆಕ್ಕದಲ್ಲಿ ಪುಂಡುವೇಷ. ಅಭಿಮನ್ಯುವಿನ ಹಾಗೆ. ಹಾರಿ ಬರಬೇಕು, ನಡೆದು ಬರಬಾರದು.

ರೆಕಾರ್ಡ್ ಹಾಕಬೇಡಿ. ನಾನೇ ಬಂದು ಬಾರಿಸುತ್ತೇನೆ.

—

ಮಾಟುಂಗಾ_ಸಯಾನ್:

ಚೆಂಡೆ ಮಾವ, ನೀವು ಹೇಳಿದ್ದು ಪೂರ್ತಿ ಸರಿ. ವೆಜೀಟಾ ಜೊತೆಗಿನ ಆ ಕಾಳಗದಲ್ಲಿ ನಮಗೆ ನೆನಪಿರುವುದು ಅವನ ಮುಖವೇ. ಮೂರು ಪಟ್ಟಿಗೆ ಸಮ ಸಮ ನಿಂತಿದ್ದು ನಾಲ್ಕು ಪಟ್ಟು ಆದಾಗ ಅವನ ಕಣ್ಣು ಅಗಲ ಆಗುತ್ತದಲ್ಲ, ಅದು. ನಾನು ಕಾರ್ಯಕ್ರಮಕ್ಕೆ ಬರುತ್ತೇನೆ. ಗೋಹಾನ್ ಮುಂದಿನ ವರ್ಷಕ್ಕೆ ಇರಲಿ, ಬಿಡುವುದಿಲ್ಲ.

—

ಡೊಂಬಿವಲಿ_ರಂಗ:

ಬೆಂಕಿ ಬೆಟ್ಟವೇ ಮಾಡುತ್ತೇವೆ. ಎರಡು ಕಮೆಹಮೆಹಾ ಬರುತ್ತದೆ, ಮುದುಕನದು ದೊಡ್ಡದು, ಗೋಕುವಿನದು ಚಿಕ್ಕದು. ದೊಡ್ಡದಕ್ಕೆ ಬೆಂಕಿಯ ಮಕ್ಕಳು, ಚಿಕ್ಕದಕ್ಕೆ ರಟ್ಟಿನ ಕಾರು. ಕಾರಿನೊಳಗೆ ಎರಡನೇ ಕ್ಲಾಸಿನ ಹುಡುಗ ಕೂತಿರುತ್ತಾನೆ, ಹೊಡೆತ ತಾಗಿದಾಗ ಅವನೇ ನಾಲ್ಕೂ ಕಡೆ ತಳ್ಳಿ ಬಿಚ್ಚುತ್ತಾನೆ. ಪಾತ್ರ ಸಿಗಲಿಲ್ಲ ಎಂದು ಅಳುತ್ತಿದ್ದವನು ಈಗ ಎಲ್ಲರಿಗಿಂತ ಮೊದಲು ಪ್ರಾಕ್ಟೀಸ್‌ಗೆ ಬರುತ್ತಿದ್ದಾನೆ. ರೋಶಿ ಮೈ ಉಬ್ಬುವುದಕ್ಕೆ ಅಂಗಿಯೊಳಗೆ ದಿಂಬು ಸಾಲುವುದಿಲ್ಲ, ಅದಕ್ಕೆ ತೆರೆ ಹಿಡಿಯುತ್ತೇವೆ. ಇಬ್ಬರು ಬಟ್ಟೆ ಹಿಡಿದು ನಿಲ್ಲುತ್ತಾರೆ, ಹಿಂದೆ ತೆಳ್ಳಗಿನ ಹುಡುಗ ಇಳಿದು ದಪ್ಪಗಿನ ಹುಡುಗ ಹತ್ತುತ್ತಾನೆ. ಒಂದೇ ಬಿಳಿ ಗಡ್ಡ, ಒಂದೇ ಕಪ್ಪು ಕನ್ನಡಕ.

ಬೆಂಕಿ ಒಬ್ಬರಾದ ಮೇಲೆ ಒಬ್ಬರು ಬಾಗುವುದನ್ನು ಇವತ್ತು ಸಂಜೆ ಮಾಡಿಸಿದೆ. ಮೇಲಿನ ಬಾಲ್ಕನಿಗಳಲ್ಲಿ ನಿಂತು ನೋಡುತ್ತಿದ್ದವರು ಚಪ್ಪಾಳೆ ಹೊಡೆದರು. ಚೆಂಡೆ ಇಲ್ಲದೆಯೇ.

ಚೆಂಡೆ ಮಾವ, ನೀವು ಬರುವುದಾದರೆ ಶನಿವಾರ ಸಂಜೆ 6ಕ್ಕೆ ಬನ್ನಿ. ಸ್ಲೋ ಲೋಕಲ್ ಹಿಡಿಯಿರಿ, ಮುಲುಂಡ್‌ನಲ್ಲಿ ಫಾಸ್ಟ್ ಎಲ್ಲವೂ ನಿಲ್ಲುವುದಿಲ್ಲ. ಚೆಂಡೆ ಹೊತ್ತುಕೊಂಡು ಆ ಗರ್ದಿಯಲ್ಲಿ ನೀವೊಬ್ಬರೇ ಇಳಿಯುವುದು ಬೇಡ. ಹೊರಡುವಾಗ ಮೊಮ್ಮಗನ ಕೈಯಲ್ಲಿ ಒಂದು ಮೆಸೇಜ್ ಹಾಕಿಸಿ, ನಾನೂ ಬೆಂಕಿಯ ಹುಡುಗರಿಬ್ಬರೂ ಪ್ಲಾಟ್‌ಫಾರ್ಮ್‌ಗೇ ಬರುತ್ತೇವೆ. ಮೊಮ್ಮಗನನ್ನೂ ಕರೆದುಕೊಂಡು ಬನ್ನಿ, ಬೆಂಕಿಗೆ ಇನ್ನೂ ಒಬ್ಬರು ಬೇಕು.